ಹರಳು ಕಟ್ಟದ ನಕ್ಷತ್ರಗಳು

ಬೆಳಗಿನ ಜಾವ ಐದು ಗಂಟೆ. ಅಡುಗೆಮನೆಯ ಕಟ್ಟೆಯ ಮೇಲೆ ಒಂಬತ್ತು ಗಾಜಿನ ಬಾಟಲಿಗಳು ಸಾಲಾಗಿ ನಿಂತಿವೆ. ಪ್ರತಿ ಬಾಟಲಿಯ ಬಾಯಿಗೆ ಅಡ್ಡವಾಗಿ ಒಂದು ಗಿಡ್ಡ ಪೆನ್ಸಿಲ್, ಪೆನ್ಸಿಲಿನಿಂದ ಇಳಿಬಿದ್ದ ದಾರ, ದಾರದ ತುದಿಗೆ ನೀರಿನಲ್ಲಿ ಮುಳುಗಿದ ಒಂದು ನಕ್ಷತ್ರ. ತಂತಿ ಬಗ್ಗಿಸಿ, ಅದರ ಮೈತುಂಬ ಬಿಳಿ ದಾರ ಸುತ್ತಿ ಮಾಡಿದ, ಅಂಗೈಯಷ್ಟೂ ಇಲ್ಲದ ನಕ್ಷತ್ರ. ಹರಳಕ್ಕ ಸ್ವೆಟರಿನ ಮೇಲೊಂದು ಶಾಲು ಹೊದ್ದು, ಟಾರ್ಚ್ ಹಿಡಿದು ಒಂದೊಂದೇ ಬಾಟಲಿಯೊಳಗೆ ಇಣುಕುತ್ತಿದ್ದಾರೆ. ಒಂಬತ್ತನ್ನೂ ನೋಡಿ ಮುಗಿಸಿ ಸ್ಟೂಲಿನ ಮೇಲೆ ಕೂರುತ್ತಾರೆ. ಅರೆಗಳಿಗೆಯಲ್ಲಿ ಮತ್ತೆ ಎದ್ದು ಮೊದಲನೆಯದರ ಹತ್ತಿರ ಹೋಗುತ್ತಾರೆ, ಈಗಷ್ಟೇ ನೋಡಿದ್ದು ಸುಳ್ಳಿದ್ದರೂ ಇರಬಹುದು ಎಂಬಂತೆ.

ಸುಳ್ಳಲ್ಲ. ಹರಳುಗಳೇನೋ ಬಾಟಲಿಯ ತಳದಲ್ಲಿ ದಂಡಿಯಾಗಿ ಬಿದ್ದಿವೆ. ನಕ್ಷತ್ರ ಮಾತ್ರ ಬೋಳು.

"ನೀರು ಅದೇ, ಪುಡಿ ಅದೇ, ಕೈಯೂ ಇದೇ. ಹತ್ತೊಂಬತ್ತು ವರ್ಷ ಬಂದಿದ್ದು ಈ ವರ್ಷ ಯಾಕೆ ಬರ್ತಿಲ್ಲ ಅಂತ ನನಗೆ ಒಂದೂ ಗೊತ್ತಾಗ್ತಿಲ್ಲ," ಎನ್ನುತ್ತಾರೆ ಅವರು. ಆಮೇಲೆ ತಮ್ಮ ಬಗ್ಗೆ ಬರೆಯಲು ಬಂದಿರುವ ಪತ್ರಿಕೆಯವರತ್ತ ತಿರುಗಿ, ತಪ್ಪು ಮಾಡಿದವರ ದನಿಯಲ್ಲಿ, "ನೀವು ಹೋದ ವರ್ಷ ಬರಬೇಕಿತ್ತು," ಎಂದು ಸೇರಿಸುತ್ತಾರೆ.

ಹರಳಕ್ಕ ಎನ್ನುವುದು ಮಕ್ಕಳು ಇಟ್ಟ ಹೆಸರು. ಶಾಲೆಯ ಹಾಜರಿ ಪುಸ್ತಕದಲ್ಲಿರುವ ಹೆಸರು ಅವರಿಗೇ ಆಗಾಗ ಮರೆತುಹೋಗುತ್ತದಂತೆ. ಕೆಲಸ ವಿಜ್ಞಾನದ ಲ್ಯಾಬಿನಲ್ಲಿ ಅಟೆಂಡರ್. ಎಂಟೂವರೆಗೆ ಬಾಗಿಲು ತೆಗೆದು, ನೆಲ ಒರೆಸಿ, ಆರು ಮೇಜುಗಳ ಮೇಲೆ ಆಯಾ ತರಗತಿಗೆ ಬೇಕಾದ ಸಾಮಾನು ಜೋಡಿಸುವುದರಿಂದ ಅವರ ದಿನ ಶುರು. ದಿನಕ್ಕೆ ಕಡಿಮೆಯೆಂದರೂ ನೂರ ಅರವತ್ತು ಗಾಜಿನ ನಳಿಕೆ ತೊಳೆಯುತ್ತಾರೆ. ಒಡೆದದ್ದನ್ನು ಬರೆದಿಡುತ್ತಾರೆ, ಸುಟ್ಟ ಬೆರಳಿಗೆ ತಣ್ಣೀರು ಹಾಕುತ್ತಾರೆ, ಪಾಠ ನಡೆಯುವಾಗ ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಾರೆ. ಇಷ್ಟು ವರ್ಷ ಹಿಂದೆ ನಿಂತೇ ಎಲ್ಲ ಪಾಠವನ್ನೂ ಕೇಳಿದ್ದಾರೆ. ಮುಂದೆ ಹೋಗಿ ನಿಂತು ಮಾತಾಡಿದ್ದು ಒಂದು ದಿನವೂ ಇಲ್ಲ. ಮೇಷ್ಟ್ರಿಗೆ ಶಬಾಸ್‌ಗಿರಿ, ಮಕ್ಕಳಿಗೆ ಅಂಕ, ಹರಳಕ್ಕನಿಗೆ ತೊಳೆಯುವ ನಳಿಕೆ. ಇದು ಲ್ಯಾಬಿನ ಲೆಕ್ಕಾಚಾರ, ಅವರಿಗೆ ಇದರ ಮೇಲೆ ದೂರೂ ಇಲ್ಲ.

ಅವರದೇ ಎನ್ನಬಹುದಾದದ್ದು ವರ್ಷಕ್ಕೊಂದೇ ಕೆಲಸ, ಅದೂ ಚಳಿಗಾಲದಲ್ಲಿ. ರಜೆಗೆ ಮೊದಲು ಐದನೇ ತರಗತಿಯ ಮಕ್ಕಳಿಗೆ ಒಂದೊಂದು ಪೊಟ್ಟಣ ಕೊಡುತ್ತಾರೆ. ಅದರಲ್ಲಿ ಹತ್ತು ಚಮಚ ಪಟಿಕದ ಪುಡಿ. ಪಟಿಕವೆಂದರೆ ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದಾದ ಮೇಲೆ ಕೆನ್ನೆಗೆ ಉಜ್ಜುತ್ತಾರಲ್ಲ, ಆ ಬಿಳಿ ಕಲ್ಲು. ಜೊತೆಗೊಂದು ನಕ್ಷತ್ರ ಮತ್ತು ಹರಳಕ್ಕನೇ ದುಂಡಗೆ ಬರೆದ ಚೀಟಿ: ದೊಡ್ಡವರ ಕೈಯಲ್ಲಿ ನೀರು ಬಿಸಿ ಮಾಡಿಸಿ, ಪುಡಿ ಕರಗಿಸಿ, ಆರಲು ಬಿಡಿ, ನಕ್ಷತ್ರ ಇಳಿಬಿಡಿ, ಅಲ್ಲಾಡಿಸಬೇಡಿ, ಬಾಯಿಗೆ ಹಾಕಬೇಡಿ. ನೀರು ತಣ್ಣಗಾದಂತೆ ಕರಗಿದ್ದ ಪಟಿಕ ಮತ್ತೆ ಗಟ್ಟಿಯಾಗಿ ನಕ್ಷತ್ರದ ಮೈಗೆ ಹರಳು ಹರಳಾಗಿ ಕೂರುತ್ತದೆ. ಅಲ್ಲಿಂದ ಎರಡನೇ ಶನಿವಾರ ಮಕ್ಕಳು ತಂತಮ್ಮ ನಕ್ಷತ್ರ ತಂದು ಶಾಲೆಯ ಪಡಸಾಲೆಯ ದೊಡ್ಡ ಕಿಟಕಿಗೆ ತೂಗುಹಾಕುತ್ತಾರೆ. ಬಿಸಿಲು ಬಿದ್ದಾಗ ಎದುರಿನ ಗೋಡೆಯೆಲ್ಲ ಮಿಣಮಿಣ ಎನ್ನುತ್ತದೆ. ಆ ಒಂದು ದಿನ ಹರಳಕ್ಕ ಯಾವುದೋ ನೆಪ ಮಾಡಿಕೊಂಡು ಆ ಕಿಟಕಿಯ ಮುಂದೆ ಇಪ್ಪತ್ತು ಸಲ ಓಡಾಡುತ್ತಾರೆ.

ಈ ವರ್ಷ ನಲವತ್ತಮೂರು ಮಕ್ಕಳು ಪೊಟ್ಟಣ ಒಯ್ದು ಹನ್ನೊಂದು ದಿನವಾಗಿದೆ. ಒಬ್ಬರ ನಕ್ಷತ್ರಕ್ಕೂ ಹರಳು ಹಿಡಿದಿಲ್ಲ. ಇವತ್ತು ಬುಧವಾರ. ಶನಿವಾರಕ್ಕೆ ಮೂರೇ ದಿನ.

ಬರಿ ಕಿಟಕಿ ಖಾಲಿ ಉಳಿಯುವ ಮಾತಾಗಿದ್ದರೆ ಅಷ್ಟು ಸಂಕಟವಿರಲಿಲ್ಲ. ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲೆ ಒಂದು ಬಣ್ಣದ ಪೆಟ್ಟಿಗೆ ಬಂದು ಕೂತಿದೆ. ಅದರೊಳಗೆ ಹರಳು ಬೆಳೆಸುವ ಸಾಮಾನೆಲ್ಲ ಸಿದ್ಧವಾಗಿದೆ. ನೀರು ಹೊಯ್ದರೆ ಆಯಿತು. ಮುಂದಿನ ವರ್ಷದಿಂದ ಇದನ್ನೇ ತರಿಸೋಣ, ನಿಮಗೂ ವಯಸ್ಸಾಯಿತು, ಯಾಕೆ ಈ ತಾಪತ್ರಯ ಎಂದು ಅವರು ಕಳಕಳಿಯಿಂದಲೇ ಹೇಳಿದ್ದಾರೆ. ಈ ಶನಿವಾರ ಕಿಟಕಿ ತುಂಬಿದರೆ ನೋಡೋಣ ಎಂದೂ ಅಂದಿದ್ದಾರೆ. ಹರಳಕ್ಕನಿಗೆ ಅರ್ಥವಾಗಿದೆ. ಕಿಟಕಿ ತುಂಬದಿದ್ದರೆ ಉಳಿಯುವುದು ನೂರ ಅರವತ್ತು ನಳಿಕೆ ಅಷ್ಟೇ.

ಕಾರಣ ಹೇಳುವವರಿಗೇನೂ ಬರವಿಲ್ಲ. ಈ ಸಲ ಚಳಿ ಸಾಲದು ಎಂದರು ವಿಜ್ಞಾನದ ಮೇಷ್ಟ್ರು. ಮರುದಿನ ಅವರೇ ಚಳಿ ಹೆಚ್ಚಾಯಿತು ಎಂದರು. ಪುಡಿ ಮಾರಿದ ಅಂಗಡಿಯವನು ನೀರಿನ ಮೇಲೆ ಹಾಕಿದ. ಬೀಗ ರಿಪೇರಿ ಮಾಡುವ ಯಜಮಾನರು, ಅಂದರೆ ಹರಳಕ್ಕನ ಗಂಡ, ಪುಡಿಯ ಮೇಲೆ ಹಾಕಿದರು. ಮುಂದಿನ ಹಲ್ಲು ಬಿದ್ದ ಒಬ್ಬಳು ಹುಡುಗಿಯದು ಎಲ್ಲಕ್ಕಿಂತ ಬೇರೆಯೇ ಅನುಮಾನ. "ನಾನು ದಿನಾ ತುಂಬಾ ಹೊತ್ತು ನೋಡ್ತಿದ್ದೆ ಹರಳಕ್ಕಾ. ಅದಕ್ಕೆ ನಾಚಿಕೆ ಆಗಿರಬೇಕು," ಎಂದಳಂತೆ. ಅದನ್ನೂ ಹರಳಕ್ಕ ತಳ್ಳಿಹಾಕಲಿಲ್ಲ. ಮೂರನೇ ಬಾಟಲಿಗೆ ಟವೆಲು ಸುತ್ತಿ ಎರಡು ದಿನ ಯಾರೂ ನೋಡದ ಹಾಗೆ ಇಟ್ಟರು. ನಗು ಬರುತ್ತದೆ, ಆದರೆ ದಾರಿ ತಪ್ಪಿದವರು ಸಿಕ್ಕವರನ್ನೆಲ್ಲ ಕೇಳುತ್ತಾರೆ.

ಒಂಬತ್ತು ಬಾಟಲಿಗಳೂ ಒಂಬತ್ತು ಅನುಮಾನಗಳು. ಒಂದರಲ್ಲಿ ಪುಡಿ ದುಪ್ಪಟ್ಟು, ಇನ್ನೊಂದರಲ್ಲಿ ಕಾಯಿಸಿ ಸೋಸಿದ ನೀರು, ಮತ್ತೊಂದು ಕಿಟಕಿಯ ಹತ್ತಿರ, ಮಗದೊಂದು ಒಲೆಯ ಪಕ್ಕ. ಯಜಮಾನರ ಸುತ್ತಿಗೆಯ ಸದ್ದಿಗೆ ಬಾಟಲಿ ಅದುರುತ್ತದೇನೋ ಎಂದು ಒಂದು ವಾರ ಅವರನ್ನು ಅಂಗಳದಲ್ಲಿ ಕೂರಿಸಿದ್ದೂ ಆಗಿದೆ. ದಾರದ ಮೇಲೂ ಅನುಮಾನ ಬಂದಿತ್ತು. ಹಿಂದೆಲ್ಲ ನಕ್ಷತ್ರಕ್ಕೆ ಸುತ್ತುತ್ತಿದ್ದದ್ದು ಹಳೆಯ ಸ್ವೆಟರು ಬಿಚ್ಚಿದ ಉಣ್ಣೆ. ಈ ವರ್ಷ ನೈಲಾನ್ ದಾರ, ಹೊಸದು, ಹೊಳೆಯುವಂಥದು. ಆ ಅನುಮಾನ ಪರಿಹರಿಸಲೆಂದೇ ಒಂಬತ್ತನೇ ಬಾಟಲಿಯಲ್ಲಿ ಹೊಲಿಗೆಯ ನೂಲು ಸುತ್ತಿದ ನಕ್ಷತ್ರ ಇಳಿಬಿಟ್ಟರು. ಅದೂ ಬೋಳು. ಅಲ್ಲಿಗೆ ದಾರದ ಮೇಲಿನ ಕೇಸು ಖುಲಾಸೆಯಾಯಿತು.

"ನನ್ನ ಕೈಗುಣವೇ ಹೋಯ್ತೇನೋ ಅನ್ಸತ್ತೆ," ಎನ್ನುತ್ತಾರೆ ಹರಳಕ್ಕ. ತಮಾಷೆಗೆ ಹೇಳಿದ ಮಾತಲ್ಲ. ತೊಳೆದು ತೊಳೆದು ತುದಿ ಸುಕ್ಕಾದ ಬೆರಳುಗಳನ್ನು ಟಾರ್ಚಿನ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾರೆ.

ಅಷ್ಟರಲ್ಲಿ ಒಳಕೋಣೆಯಿಂದ ಅತ್ತೆ ಗೋಡೆ ಹಿಡಿದುಕೊಂಡು ಬರುತ್ತಾರೆ. ಎಪ್ಪತ್ತಾರು ವರ್ಷ. ಎರಡು ತಿಂಗಳ ಹಿಂದೆ ಕಣ್ಣಿನ ಪೊರೆ ತೆಗೆಸಿದ್ದಾರೆ. ಕಪ್ಪು ಕನ್ನಡಕ, ಮೈಮೇಲೆ ದೊಗಳೆಯಾದ ಹಸಿರು ಸ್ವೆಟರು. ಮದುವೆಗೆ ಮೊದಲಿಂದ ಮೂವತ್ತು ವರ್ಷ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ದುಡಿದವರು. ಈಗಲೂ ಉಗುರಿನ ಬುಡದಲ್ಲಿ ನೀಲಿ ಉಳಿದಿದೆ. ಪ್ರತಿ ವರ್ಷ ಹಳೆಯ ಸ್ವೆಟರು ಬಿಚ್ಚಿ ನಕ್ಷತ್ರಕ್ಕೆ ಉಣ್ಣೆ ಒದಗಿಸುತ್ತಿದ್ದವರು ಇವರೇ. ಈ ಸಲ ಕಣ್ಣಿಗೆ ಆಯಾಸವಾಗಬಾರದೆಂದು ಡಾಕ್ಟರು ಹೇಳಿದ್ದರಿಂದ, ನೀವು ಸುಮ್ಮನಿರಿ ಅತ್ತೆ, ಒಂದು ದಾರ ತಾನೇ, ಅಂಗಡಿಯಿಂದ ತರುತ್ತೇನೆ ಎಂದು ಸೊಸೆ ಹೇಳಿದ್ದರು. ಅತ್ತೆ ಸುಮ್ಮನಿದ್ದರು. ಒಂದು ದಾರ ತಾನೇ ಎಂದದ್ದು ಅವರಿಗೆ ಅಷ್ಟು ಹಿಡಿಸಿರಲಿಲ್ಲ ಎನ್ನುವುದು ಅವರ ಮುಖ ನೋಡಿದರೆ ಈಗಲೂ ತಿಳಿಯುತ್ತದೆ.

ಬಂದವರೇ ಅತ್ತೆ ಕುತ್ತಿಗೆ ಕೆರೆದುಕೊಳ್ಳುತ್ತಾರೆ. ಕನ್ನಡಕ ಜಾರಿ ಬೀಳದಿರಲೆಂದು ನಿನ್ನೆ ತಮ್ಮ ಡಬ್ಬಿಯಲ್ಲಿದ್ದ ಹೋದ ವರ್ಷದ ಕೆಂಪು ಉಣ್ಣೆಯ ತುಂಡನ್ನು ಅದರ ಎರಡು ಕಡ್ಡಿಗೂ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾರೆ. ಆ ದಾರ ಮರಳು ಮರಳಾಗಿ ಚುಚ್ಚುತ್ತದಂತೆ, ರಾತ್ರಿಯಿಡೀ ನಿದ್ದೆಯಿಲ್ಲವಂತೆ. ಹರಳಕ್ಕ ಕನ್ನಡಕ ಬಿಡಿಸಿಕೊಂಡು ದಾರ ಸವರುತ್ತಾರೆ. ಉಣ್ಣೆ ಮೆತ್ತಗಿರಬೇಕು, ಇದು ಒರಟೊರಟು. ಟಾರ್ಚ್ ಹಾಕುತ್ತಾರೆ. ಆಮೇಲೆ ಚೀಲ ತಡಕಿ ಲ್ಯಾಬಿನ ಭೂತಗನ್ನಡಿ ತೆಗೆದು ನೋಡುತ್ತಾರೆ. ಎಳೆ ಎಳೆಯ ನಡುವೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಮಿನುಗುತ್ತಿವೆ.

ಭೂತಗನ್ನಡಿ ಕೆಳಗಿಟ್ಟು ಹರಳಕ್ಕ ಅತ್ತೆಯತ್ತ ತಿರುಗುತ್ತಾರೆ.

"ಅತ್ತೆ, ಈ ಉಣ್ಣೆಗೆ ಏನು ಮಾಡ್ತಿದ್ರಿ ನೀವು?"

"ಏನ್ ಮಾಡ್ತಾರೆ? ಬಿಚ್ಚೋದು, ಒಗೆಯೋದು, ಪಟಿಕದ ನೀರಲ್ಲಿ ನೆನೆಸಿ ಒಣಗಿಸೋದು."

"ಪಟಿಕದ ನೀರಲ್ಲಾ? ಯಾಕೆ?"

"ಬಣ್ಣ ಬಿಡಬಾರದಲ್ಲೇ. ಮಕ್ಕಳ ಬಾಟಲಿ ನೀರೆಲ್ಲ ಕೆಂಪಾದ್ರೆ ನಿನ್ನನ್ನೇ ತಾನೇ ಬೈಯೋದು? ಕಾರ್ಖಾನೇಲಿ ನಾವು ಹಾಗೇ ಮಾಡ್ತಿದ್ದದ್ದು. ನೂಲಿಗೆ ಬಣ್ಣ ಕಚ್ಚಬೇಕಾದ್ರೆ ಪಟಿಕ ಬೇಕು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ."

ಇಷ್ಟೇ. ಹತ್ತೊಂಬತ್ತು ಚಳಿಗಾಲ ಅತ್ತೆ ನೆನೆಸಿ ಒಣಗಿಸಿದ ಉಣ್ಣೆಯಲ್ಲಿ ಪಟಿಕದ ಬೀಜ ಮೊದಲೇ ಬಿದ್ದಿತ್ತು. ನೀರಿಗೆ ಬಿದ್ದೊಡನೆ ಆ ಬೀಜವನ್ನು ಹಿಡಿದು ಹರಳು ಬೆಳೆಯುತ್ತಿತ್ತು. ನುಣುಪಾದ ಹೊಸ ದಾರದಲ್ಲಿ ಹಿಡಿಯಲು ಏನೂ ಸಿಗದೆ ಪಟಿಕ ತಳಕ್ಕೆ ಹೋಗಿ ಕೂತಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಗಿಡಕ್ಕೇ ತಾನು ಮದ್ದೆಂದು ಗೊತ್ತಿರಲಿಲ್ಲ. ಬಿಳಿ ದಾರ ಬಣ್ಣ ಬಿಡುವುದಿಲ್ಲ, ಅದಕ್ಕೆ ಪಟಿಕ ಯಾಕೆ ಎಂಬುದೇ ಅತ್ತೆಯ ವಾದ, ಈಗಲೂ. ಹರಳಿಗೂ ತಮ್ಮ ಉಣ್ಣೆಗೂ ಏನು ಸಂಬಂಧವೆಂದು ಸೊಸೆ ಮೂರು ಸಲ ಬಿಡಿಸಿ ಹೇಳಿದ ಮೇಲೂ ಅವರು ತಲೆಯಾಡಿಸುವ ಬಗೆ ನೋಡಿದರೆ ಒಪ್ಪಿದರೋ ಸುಮ್ಮನಾದರೋ ತಿಳಿಯುವುದಿಲ್ಲ.

ನಂಬಿಕೆ ಹರಳಕ್ಕನಿಗೂ ಪೂರ್ತಿ ಇಲ್ಲ. ಹತ್ತು ದಿನದಲ್ಲಿ ಒಂಬತ್ತು ಸಲ ಗೊತ್ತಾಯಿತು ಎಂದುಕೊಂಡು ಮೋಸ ಹೋದವರು ಹತ್ತನೇ ಸಲ ಕುಣಿಯುವುದಿಲ್ಲ. ಒಂದು ಬಾಟಲಿಯ ನೀರು ಕಾಯಿಸಿ ತಳದ ಹರಳು ಕರಗಿಸಿ, ಆರಿದ ಮೇಲೆ ಕನ್ನಡಕದ ಆ ಕೆಂಪು ದಾರವನ್ನೇ ಬಿಚ್ಚಿ ಅದರಲ್ಲಿ ಇಳಿಬಿಡುತ್ತಾರೆ. ಕನ್ನಡಕಕ್ಕೆ ರಬ್ಬರ್ ಬ್ಯಾಂಡ್ ಕಟ್ಟುತ್ತಾರೆ. ಚಹಾ ಕುಡಿದು ಶಾಲೆಗೆ ಹೋಗುತ್ತಾರೆ. ಅವತ್ತು ನಾಲ್ಕು ನಳಿಕೆ ಒಡೆದವು, ನಾಲ್ಕೂ ಅವರ ಕೈಯಲ್ಲೇ.

ಸಂಜೆ ನಾಲ್ಕೂವರೆಗೆ ಚಪ್ಪಲಿಯನ್ನೂ ಕಳಚದೆ ಅಡುಗೆಮನೆಗೆ ಬಂದವರು ಬಾಟಲಿಯ ಮುಂದೆ ನಿಂತು ಬಿಟ್ಟರು. ಕೆಂಪು ದಾರದ ಉದ್ದಕ್ಕೂ ಸಕ್ಕರೆ ಕಾಳಿನಷ್ಟಷ್ಟು ಹರಳು, ಒತ್ತೊತ್ತಾಗಿ. ಹರಳಕ್ಕ ಮೊದಲು ನಕ್ಕರಂತೆ, ಆಮೇಲೆ ಅತ್ತರಂತೆ. ಯಜಮಾನರ ಪ್ರಕಾರ ಎರಡೂ ಒಟ್ಟಿಗೇ ನಡೆದವು.

ಇನ್ನು ನಲವತ್ತಮೂರು ನಕ್ಷತ್ರ ಬೇಕು, ಗುರುವಾರ ಬೆಳಗ್ಗೆಗೆ. ಯಜಮಾನರು ಬೀಗದ ಇಕ್ಕಳ ತಂದು ತಂತಿ ಬಗ್ಗಿಸಲು ಕೂತರು. ಉಣ್ಣೆ ಎಲ್ಲಿ? ಡಬ್ಬಿಯಲ್ಲಿ ಉಳಿದಿದ್ದದ್ದು ಆ ಒಂದೇ ತುಂಡು. ಅಂಗಡಿಗೆ ಹೋಗಲೇ ಎಂದು ಹರಳಕ್ಕ ಎದ್ದು ನಿಲ್ಲುವಷ್ಟರಲ್ಲಿ ಅತ್ತೆ ಮೈಮೇಲಿನ ಹಸಿರು ಸ್ವೆಟರು ತೆಗೆದು, ಎಡ ತೋಳಿನ ತುದಿಯ ಗಂಟು ಹುಡುಕುತ್ತಿದ್ದರು. ಅದೊಂದೇ ಬೆಚ್ಚಗಿನ ಸ್ವೆಟರು ಅವರಿಗೆ. ಬೇಡ ಅತ್ತೆ, ಚಳಿ, ಅದೂ ಅಲ್ಲದೆ ಕಣ್ಣಿಗೆ ಆಯಾಸ ಎಂದು ಸೊಸೆ ಬೇಡಿಕೊಂಡರೆ ಅವರದು ಒಂದೇ ಉತ್ತರ: "ಬಿಚ್ಚೋಕೆ ಕಣ್ಣು ಯಾಕೆ? ಕೈ ಸಾಕು."

ಕಪ್ಪು ಕನ್ನಡಕ ಹಾಕಿಕೊಂಡೇ ಆ ಒಂದು ತೋಳು ಬಿಚ್ಚಿದರು. ಸುರುಳಿ ಸುರುಳಿಯಾಗಿ ಉಣ್ಣೆ ಮಡಿಲಿಗೆ ಬೀಳುತ್ತಿದ್ದರೆ ಅದನ್ನು ಬೆರಳಲ್ಲೇ ಅಳೆದು ತುಂಡು ಮಾಡಿದರು, ಒಂದೂ ಗಿಡ್ಡವಿಲ್ಲ, ಒಂದೂ ಉದ್ದವಿಲ್ಲ. ಪಟಿಕದ ನೀರಿಗೆ ಬಿಸಿ ಎಷ್ಟಿರಬೇಕು, ಎಷ್ಟು ಹೊತ್ತು ನೆನೆಯಬೇಕು, ಹಿಂಡಬಾರದು ಯಾಕೆ ಎಂದು ಅವರು ಹೇಳುತ್ತಾ ಹೋದರು. ಹರಳಕ್ಕ ಚೀಟಿಯಲ್ಲಿ ಬರೆದುಕೊಳ್ಳುತ್ತಾ ಹೋದರು. ಒಂದೇ ಸೂರಿನಡಿ ಇಪ್ಪತ್ತೆಂಟು ವರ್ಷ ಕಳೆದಿರುವ ಈ ಇಬ್ಬರು ಮೊದಲ ಸಲ ಒಬ್ಬರ ಕಸುಬನ್ನು ಇನ್ನೊಬ್ಬರು ಕೇಳಿದ್ದು ಅವತ್ತು. ಒಲೆಯ ಮೇಲಿನ ಹಗ್ಗದಲ್ಲಿ ಒಣಗಿದ ಉಣ್ಣೆಯನ್ನು ತಂತಿಗೆ ಸುತ್ತಿ ಮುಗಿಸಿದ್ದು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಮೂವರೂ ಬೇರೆ ಬೇರೆ ಗಂಟೆ ಹೇಳುತ್ತಾರೆ.

ಗುರುವಾರ ಮೊದಲ ಪೀರಿಯಡ್, ಐದನೇ ತರಗತಿಯ ಮಕ್ಕಳು. ಹರಳಕ್ಕ ಹಿಂದಿನ ಗೋಡೆ ಬಿಟ್ಟು ಮುಂದಕ್ಕೆ ನಡೆಯುತ್ತಾರೆ. ಮೇಷ್ಟ್ರು ಅಚ್ಚರಿಯಿಂದ ಪಕ್ಕಕ್ಕೆ ಸರಿಯುತ್ತಾರೆ. ಕರಿಹಲಗೆಯ ಮುಂದೆ ನಿಂತ ಹರಳಕ್ಕ ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗು ಹಿಡಿದುಕೊಳ್ಳುತ್ತಾರೆ.

"ನಿಮ್ಮ ತಪ್ಪಲ್ಲ, ನಿಮ್ಮ ಮನೆಯವರದೂ ಅಲ್ಲ. ನಾನು ಕೊಟ್ಟ ದಾರ ಸರಿ ಇರಲಿಲ್ಲ. ಯಾಕೆ ಸರಿ ಇರಲಿಲ್ಲ ಅಂತ ನನಗೂ ನಿನ್ನೆವರೆಗೂ ಗೊತ್ತಿರಲಿಲ್ಲ."

ಕೆಲವು ಮಕ್ಕಳು ಪರಸ್ಪರ ಮುಖ ನೋಡಿಕೊಂಡರು. ದೊಡ್ಡವರು ಹೀಗೆ ಹೇಳಿದ್ದನ್ನು ಅವರು ಕೇಳಿದ್ದು ಕಡಿಮೆ. ಹಲ್ಲು ಬಿದ್ದ ಹುಡುಗಿ ಎದ್ದು, ಹಾಗಾದರೆ ಅದಕ್ಕೆ ನಾಚಿಕೆ ಆಗಿದ್ದಲ್ಲವೇ ಎಂದು ಕೇಳಿದಳು. ಅಲ್ಲ ಕಣಮ್ಮ, ಹಿಡಿದುಕೊಳ್ಳೋಕೆ ಜಾಗ ಇರಲಿಲ್ಲ ಎಂದರು ಹರಳಕ್ಕ. ಅವಳಿಗೆ ಸಮಾಧಾನವಾಯಿತು. ಹಸಿರು ನಕ್ಷತ್ರಗಳೂ ಹೊಸ ಚೀಟಿಗಳೂ ಕೈಯಿಂದ ಕೈಗೆ ಹೋದವು: ದೊಡ್ಡವರು ಬಾಟಲಿಯ ನೀರು ಕಾಯಿಸಿ ತಳದ ಹರಳೆಲ್ಲ ಕರಗಿಸಲಿ, ಪೂರ್ತಿ ಆರಿದ ಮೇಲೆ ನಕ್ಷತ್ರ ಇಳಿಬಿಡಿ, ಬಿಸಿಯಲ್ಲಿ ಬಿಟ್ಟರೆ ಬೀಜವೇ ಕರಗಿಹೋದೀತು. ಬೀಜ ಎಂಬ ಮಾತಿನ ಕೆಳಗೆ ಎರಡು ಗೆರೆ.

ಶನಿವಾರ ಬೆಳಗ್ಗೆ ಪಡಸಾಲೆಯ ಕಿಟಕಿಯಲ್ಲಿ ನಲವತ್ತಮೂರು ನಕ್ಷತ್ರ ತೂಗುತ್ತಿವೆ. ನಲವತ್ತೊಂದಕ್ಕೆ ಹರಳು ಕಟ್ಟಿದೆ, ಗಾಜಿನಂಥ ಹರಳಿನ ಒಳಗೆ ಹಸಿರು ಎಳೆ ಕಾಣುತ್ತಿದೆ. ಹಲ್ಲು ಬಿದ್ದವಳದೇ ಎಲ್ಲಕ್ಕಿಂತ ದಪ್ಪ. ಎರಡು ನಕ್ಷತ್ರ ಮಾತ್ರ ಹಾಗೇ ಬೋಳಾಗಿ ಉಳಿದಿವೆ. ಅದೇ ಉಣ್ಣೆ, ಅದೇ ನೀರು, ಅದೇ ಚೀಟಿ. ಹರಳಕ್ಕ ಆ ಎರಡರ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಯಾಕೆಂದು ಕೇಳಿದರೆ ಭುಜ ಕುಣಿಸುತ್ತಾರೆ. "ಗೊತ್ತಿಲ್ಲ. ಇದಕ್ಕೂ ಯಾರನ್ನೋ ಕೇಳಬೇಕು. ಯಾರನ್ನ ಅಂತಲೇ ಗೊತ್ತಿಲ್ಲ."

ಮುಖ್ಯೋಪಾಧ್ಯಾಯಿನಿ ಬಂದು, ಕಿಟಕಿ ನೋಡಿ, ಬಣ್ಣದ ಪೆಟ್ಟಿಗೆಯನ್ನು ವಾಪಸು ಕಳಿಸುತ್ತೇನೆ ಎಂದರು. ಏನು ಮಾಡಿದಿರಿ ಎಂದು ಕೇಳಿದಾಗ ಹರಳಕ್ಕ ಪಕ್ಕಕ್ಕೆ ಸರಿದು, ಬೆಂಚಿನ ಮೇಲೆ ಕೂತಿದ್ದ ಅತ್ತೆಯನ್ನು ತೋರಿಸಿದರು. ಪತ್ರಿಕೆಯವರಿಗೂ ಅದನ್ನೇ ಹೇಳಿದರು: ಎಲೆಮರೆಯ ಕಾಯಿ ಎಂದು ನನ್ನ ಬಗ್ಗೆ ಬರೆಯಲು ಬಂದಿರಿ, ನಾನು ಎಲೆ ಅಷ್ಟೇ, ಕಾಯಿ ಅಲ್ಲಿ ಕೂತಿದೆ ನೋಡಿ.

ಅತ್ತೆ ಈ ಶಾಲೆಗೆ ಬಂದದ್ದು ಇದೇ ಮೊದಲು. ತಮ್ಮ ಉಣ್ಣೆ ಹತ್ತೊಂಬತ್ತು ವರ್ಷ ಎಲ್ಲಿಗೆ ಹೋಗುತ್ತಿತ್ತು ಎನ್ನುವುದನ್ನು ಕಣ್ಣಾರೆ ಕಂಡದ್ದೂ ಇದೇ ಮೊದಲು. ಡಾಕ್ಟರು ಬೇಡವೆಂದರೂ ಕಪ್ಪು ಕನ್ನಡಕ ತೆಗೆದು, ಕಿಟಕಿಯ ಹತ್ತಿರ ಹೋಗಿ, ಒಂದು ನಕ್ಷತ್ರವನ್ನು ಬೆರಳ ತುದಿಯಲ್ಲಿ ಮುಟ್ಟುತ್ತಾರೆ. ಬಣ್ಣ ಬಿಟ್ಟಿಲ್ಲ ಎನ್ನುತ್ತಾರೆ, ತೃಪ್ತಿಯಿಂದ. ಅವರ ಮಟ್ಟಿಗೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಮಕ್ಕಳು ಬಂದು ಬಂದು ಥ್ಯಾಂಕ್ಸ್ ಹೇಳುತ್ತಿದ್ದರೆ, ಇವೆಲ್ಲ ಯಾರ ಮನೆಯ ಮಕ್ಕಳು, ನನಗ್ಯಾಕೆ ಹೇಳುತ್ತಿವೆ ಎಂದು ಸೊಸೆಯ ಮುಖ ನೋಡುತ್ತಾರೆ.

ಅತ್ತೆಗೆ ಬಲಗಡೆ ಸ್ವೆಟರಿನ ತೋಳು, ತೋಳು ಬಿಚ್ಚಿದ ಎಡಗಡೆ ಭುಜದಿಂದ ಇಳಿಬಿದ್ದ ಶಾಲು. ಅದನ್ನು ಕಂಡ ಮುಖ್ಯೋಪಾಧ್ಯಾಯಿನಿಗೆ ಕಸಿವಿಸಿಯಾಯಿತು. ಹೊಸ ಸ್ವೆಟರು ತರಿಸಿಕೊಡುತ್ತೇವೆ ಅಮ್ಮ, ಚಳಿಯಲ್ಲಿ ಹೀಗೆ ಇರಬೇಡಿ ಎಂದರು. ಅತ್ತೆ ಬೇಡವೆನ್ನುವಂತೆ ಕೈಯಾಡಿಸಿದರು. ಉಳಿದ ತೋಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಉಣ್ಣೆ ಎಷ್ಟು ಬಂದೀತೆಂದು ಅಳೆದು ನೋಡಿ, ತಮ್ಮಷ್ಟಕ್ಕೇ ತಲೆದೂಗಿದರು.

"ಹೊಸದು ಯಾಕಮ್ಮ? ಮುಂದಿನ ವರ್ಷಕ್ಕೆ ಈ ತೋಳು ಇದೆಯಲ್ಲ."